ಹರಸಿ ಅಂದದ್ದು ಅರಸಿ ಆಯಿತು

ಆ ಹಕಾರವನ್ನು ಕೆಡಿಸಿದವಳು ನಾನು. ನಸೀಮಾ ಅಲ್ಲ. ಅವಳ ಪ್ರೋಗ್ರಾಮಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ — ಬೇಕೆಂದೇ, ಗೊತ್ತಿದ್ದೇ, ಒಳಗೊಳಗೇ ನಗುತ್ತಾ ಅದರೊಳಗೆ ಕೈಹಾಕಿದ್ದು ನಾನು. ಆಮೇಲೆ ತಪ್ಪನ್ನು ಅವಳ ತಲೆಗೆ ಕಟ್ಟಿದ್ದೂ ನಾನೇ. ಆ ಕಾಲದಲ್ಲಿ ದೊಡ್ಡಬಳ್ಳಾಪುರದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿಸಿದವರಲ್ಲಿ ಕೆಲವರಾದರೂ ಈಗಲೂ ಅದು ಅವಳದೇ ತಪ್ಪೆಂದು ನಂಬಿದ್ದಾರೆ. ಅವರಿಗೂ ನಿಮಗೂ ಎಲ್ಲವನ್ನೂ ಹೇಳಿಬಿಡಬೇಕೆಂದು ಕೂತಿದ್ದೇನೆ. ಇಷ್ಟು ವರ್ಷ ಬಾಯಿ ಬಿಡದೆ ಹೇಗಿದ್ದೆನೋ ಗೊತ್ತಿಲ್ಲ, ಈಗ ಮಾತ್ರ ಒಂದು ಗಳಿಗೆ ಸುಮ್ಮನಿರಲಾಗುತ್ತಿಲ್ಲ.

ನಸೀಮಾ ನನ್ನ ಸ್ಕೂಲಿನ ಗೆಳತಿ. ಅವಳ ಅಣ್ಣಂದಿರು ಪವರ್‌ಲೂಮ್ ಇಟ್ಟಿದ್ದರು. ಮನೆಯಲ್ಲಿ ಆಡುವುದು ದಖನಿ. ಆದರೆ ಓದಿದ್ದೆಲ್ಲ ನನ್ನ ಪಕ್ಕದಲ್ಲೇ, ಕನ್ನಡ ಮೀಡಿಯಮ್ಮಿನಲ್ಲಿ. ಕನ್ನಡದಲ್ಲಿ ಪ್ರತಿ ಸಲವೂ ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದವಳು ಅವಳು. ಇದನ್ನು ದಯವಿಟ್ಟು ನೆನಪಿನಲ್ಲಿಡಿ. ನನ್ನಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ತೊಂಬತ್ತರ ದಶಕ ಶುರುವಾದಾಗ ಅವರು ಸುಸ್ತಾಗಿ ಕೈಬಿಟ್ಟರು. ನಾನು ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು ಅದೇ ಜಾಗದಲ್ಲಿ ಡಿಟಿಪಿ ಅಂಗಡಿ ತೆರೆದೆ. ಊರಿಗೆ ಮೊದಲ ಕಂಪ್ಯೂಟರ್ ಅಂಗಡಿ ನನ್ನದೇ ಎಂಬ ಜಂಬ ಬೇರೆ.

ಜಂಬಕ್ಕೆ ಒಂದೇ ಕೊರತೆ — ಡಬ್ಬಕ್ಕೆ ಕನ್ನಡ ಬರುತ್ತಿರಲಿಲ್ಲ. ಪೇಟೆಯಲ್ಲಿ ಸಿಗುತ್ತಿದ್ದ ಕನ್ನಡ ಪ್ರೋಗ್ರಾಮಿಗೆ ಒಂದು ಬೀಗ ಇರುತ್ತಿತ್ತು. ಬೆರಳುದ್ದದ ಆ ಕಪ್ಪು ತುಂಡನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸದಿದ್ದರೆ ಒಂದು ಅಕ್ಷರವೂ ಮೂಡುತ್ತಿರಲಿಲ್ಲ. ತುಂಡು ಕೆಟ್ಟರೆ ನೀವು ಬರೆದದ್ದೂ ಒಳಗೇ ಸೆರೆ. ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದ ನಸೀಮಾ ಅದನ್ನು ನೋಡಿ ಕೆಂಡವಾದಳು. ನಮ್ಮ ಅಕ್ಷರಕ್ಕೆ ಇನ್ಯಾರದೋ ಬೀಗ ಯಾಕೆ, ನಾನೇ ಬರೀತೀನಿ ಎಂದಳು. ನಾನು ನಕ್ಕೆ. ಅವಳು ಬರೆದಳು.

ಮೊದಲ ಅಕ್ಷರ ಪರದೆಯ ಮೇಲೆ ಬಂದ ದಿನವನ್ನು ಹೇಗೆ ಹೇಳಲಿ! ಹೊರಗೆ ಮಗ್ಗಗಳ ಸದ್ದು, ಒಳಗೆ ನಾವಿಬ್ಬರು, ಹಸಿರು ಪರದೆ. ಅವಳು ಕೀ ಒತ್ತಿದಳು. ಒಂದು 'ಕ' ಮೂಡಿತು, ಅದರ ಕೆಳಗೆ ಒತ್ತಕ್ಷರ ಬಂದು ತನ್ನ ಜಾಗದಲ್ಲಿ ಕೂತಿತು. "ಬಂತು ಕಣೇ ಗಿರಿಜಾ, ನೋಡೇ, ಬಂತು" ಎಂದು ನನ್ನ ಕೈ ಹಿಡಿದು ಅಲುಗಿಸಿದಳು. ನಾನು ಕುರ್ಚಿಯಿಂದ ಎದ್ದು ಕುಣಿದೆ — ಅಪ್ಪನ ಹಳೆಯ ಟೈಪ್‌ರೈಟರ್ ಸ್ಟೂಲಿಗೆ ಮಂಡಿ ಬಡಿದದ್ದೂ ಗೊತ್ತಾಗಲಿಲ್ಲ. ಆ ಸಂಭ್ರಮ ಸುಳ್ಳಲ್ಲ. ಆಮೇಲೆ ಏನೇ ಮಾಡಿರಲಿ, ಆ ಹೊತ್ತಿನಲ್ಲಿ ಅವಳಿಗಿಂತ ಹೆಚ್ಚು ಖುಷಿಪಟ್ಟವಳು ನಾನು.

ಪ್ರೋಗ್ರಾಮಿಗೆ ಅವಳಿಟ್ಟ ಹೆಸರು 'ಹೆಪ್ಪು'. ಯಾರು ಕೇಳಿದರೂ ಫ್ಲಾಪಿಗೆ ಹಾಕಿ ಕೊಟ್ಟುಬಿಡುತ್ತಿದ್ದಳು, ಬಿಟ್ಟಿ. ಬರೀ ಪ್ರೋಗ್ರಾಮನ್ನಲ್ಲ, ತಾನು ಅದನ್ನು ಬರೆದ ಸಾಲುಗಳನ್ನೂ ಕೊಡುತ್ತಿದ್ದಳು — ನೋಡಿ, ತಿದ್ದಿ, ಇನ್ನೊಬ್ಬರಿಗೆ ಕೊಡಿ, ತಿದ್ದಿದ್ದನ್ನು ಮಾತ್ರ ಮುಚ್ಚಿಡಬೇಡಿ ಎಂದು. ಪಕ್ಕದ ಮನೆಗೆ ಒಂದು ಚಮಚ ಹೆಪ್ಪು ಕೊಟ್ಟರೆ ನಮ್ಮ ಮನೆಯ ಮೊಸರು ಕಮ್ಮಿಯಾಗುತ್ತದಾ ಎನ್ನುವುದು ಅವಳ ಲೆಕ್ಕ. ಹೆಪ್ಪು ಇಸ್ಕೊಂಡವರು ಎದುರಿಗೇ ಮೊಸರಿನಂಗಡಿ ಇಟ್ಟರೆ ಏನು ಮಾಡ್ತೀಯೆ ಎಂದು ನಾನು ರೇಗಿಸುತ್ತಿದ್ದೆ. ಇಟ್ಟರೆ ಊರಿಗೆಲ್ಲ ಮೊಸರು ಸಿಗುತ್ತೆ ಬಿಡು ಎನ್ನುತ್ತಿದ್ದಳು.

ಇದರ ಬಗ್ಗೆ ಅಂಗಡಿಗೆ ಬಂದವರೆಲ್ಲರಿಗೂ ಒಂದೊಂದು ಅಭಿಪ್ರಾಯ! ಬಿಟ್ಟಿ ಕೊಡುತ್ತಾಳೆಂದರೆ ಒಳಗೆ ಏನೋ ಮಸಲತ್ತಿದೆ ಎಂದು ಕೆಲವರು. ಕೆಟ್ಟರೆ ಯಾರ ಕೊರಳಪಟ್ಟಿ ಹಿಡಿಯೋಣ ಎಂದು ಬ್ಯಾಂಕಿನವರೊಬ್ಬರು. ನಾಲ್ಕು ಜನ ನೋಡುವಂತಿದ್ದರೆ ತಪ್ಪೂ ಬೇಗ ಸಿಗುತ್ತದಲ್ಲ ಎಂದು ಹೈಸ್ಕೂಲಿನ ಮೇಷ್ಟ್ರು. ನಂದಗುಡಿ ಕಡೆಯ ಹಾಲಿನ ಸಂಘದ ಸೆಕ್ರೆಟರಿಯಂತೂ ನಮ್ಮ ಸಂಘದ ಕಾಗದ ನಮ್ಮ ಡಬ್ಬದಲ್ಲೇ ಇರಲಿ, ಸಿಟಿಗೆ ಹೊತ್ತುಕೊಂಡು ಹೋಗಿ ಇನ್ನೊಬ್ಬರ ಮುಂದೆ ಕಾಯೋದು ಯಾವ ಕರ್ಮ ಎಂದು ಒಂದು ಹಳೇ ಕಂಪ್ಯೂಟರನ್ನೇ ಕೊಂಡು, ಹೆಪ್ಪು ಹಾಕಿಸಿಕೊಂಡು ಹೋದರು. ದೇವನಹಳ್ಳಿ, ನೆಲಮಂಗಲ, ಹೊಸಕೋಟೆ — ಫ್ಲಾಪಿಗಳು ಶರ್ಟಿನ ಜೇಬಿನಲ್ಲಿ, ಬಸ್ಸಿನಲ್ಲಿ, ಟಿಫನ್ ಕ್ಯಾರಿಯರಿನ ಜೊತೆ ಓಡಾಡಿದವು. ನಮ್ಮ ಕಡೆಯವರ ಬಾಯಲ್ಲಿ ಹೆಪ್ಪು ಎನ್ನುವುದು 'ಎಪ್ಪು' ಆಗಿತ್ತು. ನಸೀಮಾ ಅದಕ್ಕೂ ನಗುತ್ತಿದ್ದಳು.

ಆಮೇಲೆ ನಾನು ತಮಾಷೆಗೆ ಹೇಳಿದ್ದೇ ಆಯಿತು. ನನ್ನ ಬೀದಿಯಲ್ಲೇ ಇನ್ನೊಂದು ಡಿಟಿಪಿ ಅಂಗಡಿ ತೆರೆಯಿತು. ಆಸ್ಪತ್ರೆಯ ಹತ್ತಿರ ಮತ್ತೊಂದು. ಎಲ್ಲೆಲ್ಲೂ ಹೆಪ್ಪು. ಜನ ನನ್ನಲ್ಲಿ ಟೈಪ್ ಮಾಡಿಸಿ, ಫ್ಲಾಪಿ ಇಸ್ಕೊಂಡು, ಎಲ್ಲಿ ಬೇಕೋ ಅಲ್ಲಿ ಪ್ರಿಂಟ್ ಹಾಕಿಸತೊಡಗಿದರು. ನನಗೆ ಭಯ ಆಯಿತು. ಭಯ ಎಂದರೆ ಅರ್ಧ ಸತ್ಯ — ಹೊಟ್ಟೆಕಿಚ್ಚೂ ಇತ್ತು. ಎಲ್ಲರೂ ಬಂದು ನಸೀಮಾ ಎಲ್ಲಿ, ನಸೀಮಾ ಎಲ್ಲಿ ಎಂದು ಕೇಳುತ್ತಿದ್ದರು. ಅಂಗಡಿ ನನ್ನದು, ಕೇಳುವುದು ಅವಳನ್ನು.

ಆ ಸಾಲುಗಳನ್ನು ಓದುವುದನ್ನು ನನಗೆ ಕಲಿಸಿದವಳೂ ಅವಳೇ. ಪ್ರತಿ ಅಕ್ಷರಕ್ಕೂ ಒಳಗೊಂದು ಅಂಕಿ ಇರುತ್ತದೆ, ಕಡತದಲ್ಲಿ ಉಳಿಯುವುದು ಆ ಅಂಕಿ ಎಂದು ತಾಳ್ಮೆಯಿಂದ ತೋರಿಸಿದ್ದಳು. ಒಂದು ಮಧ್ಯಾಹ್ನ ನನ್ನ ಕಂಪ್ಯೂಟರಿನಲ್ಲಿದ್ದ ಹೆಪ್ಪಿನಲ್ಲಿ ಹ, ಅ — ಇವೆರಡರ ಅಂಕಿಗಳನ್ನು ಅದಲು ಬದಲು ಮಾಡಿದೆ. ಹಾಗೇ ಹಾ ಮತ್ತು ಆ. ಅಷ್ಟೇ! ನನ್ನಲ್ಲಿ ಟೈಪ್ ಮಾಡಿದ್ದು ನನ್ನಲ್ಲಿ ಸರಿಯಾಗಿ ಕಾಣುತ್ತದೆ. ಬೇರೆ ಕಡೆ ತೆರೆದರೆ ಹಾಲು ಆಲಾಗುತ್ತದೆ, ಅಕ್ಕಿ ಹಕ್ಕಿಯಾಗುತ್ತದೆ. ಬೇರೆಯವರ ಫ್ಲಾಪಿ ನನ್ನಲ್ಲಿಗೆ ಬಂದರೂ ಅದೇ ಗತಿ. ಪರೀಕ್ಷೆ ಮಾಡಿ ನೋಡಿದಾಗ ನನಗೆ ಬಂದದ್ದು ನಾಚಿಕೆಯಲ್ಲ, ರೋಮಾಂಚನ. ಎಂಥ ಬುದ್ಧಿವಂತೆ ನಾನು ಎಂದು ಬೆನ್ನು ತಟ್ಟಿಕೊಂಡೆ. ಪ್ರಿಂಟ್ ಹಾಳಾದವರು ನನ್ನ ಅಂಗಡಿಗೇ ವಾಪಸ್ ಬರುತ್ತಾರೆ, ಅಷ್ಟರಲ್ಲೇ ಮುಗಿಯುತ್ತದೆ ಎಂದುಕೊಂಡಿದ್ದೆ.

ಯಾಕೆ ಆ ಎರಡು ಅಕ್ಷರಗಳನ್ನೇ ಆರಿಸಿದೆ? ನಮ್ಮ ಕಡೆ ನಾಲಿಗೆಯೇ ಅವನ್ನು ಕಲಸುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ, ಟೈಪ್ ಮಾಡಿಸಿದವರ ತಪ್ಪೆಂದುಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಮಾತ್ರ ಹಾಕಿರಲಿಲ್ಲ.

ತೂಬಗೆರೆಯ ಚನ್ನಪ್ಪನವರು ಮಗಳು ಮಂಜುಳಾಳ ಲಗ್ನಪತ್ರಿಕೆಯನ್ನು ನನ್ನಲ್ಲಿ ಟೈಪ್ ಮಾಡಿಸಿದರು. ದೇವನಹಳ್ಳಿಯಲ್ಲಿ ಬೀಗರ ಕಡೆಯವರದೇ ಪ್ರೆಸ್ಸಿತ್ತು; ಫ್ಲಾಪಿ ಅಲ್ಲಿಗೆ ಹೋಯಿತು. 'ತಾವೆಲ್ಲರೂ ಆಗಮಿಸಿ ವಧೂವರರನ್ನು ಹರಸಬೇಕಾಗಿ ವಿನಂತಿ' ಎಂದು ನಾನು ಟೈಪ್ ಮಾಡಿದ್ದು ಅಲ್ಲಿ 'ತಾವೆಲ್ಲರೂ ಹಾಗಮಿಸಿ ವಧೂವರರನ್ನು ಅರಸಬೇಕಾಗಿ ವಿನಂತಿ' ಎಂದು ಅಚ್ಚಾಯಿತು. ಪ್ರೆಸ್ಸಿನವರು ನೋಡಿದರಂತೆ, ಹುಡುಗಿ ಕಡೆಯವರು ಬರೆಸಿದ್ದೇ ಹೀಗಿರಬೇಕು, ತಿದ್ದಿದರೆ ಬೇಜಾರಾದಾರು ಎಂದು ಸುಮ್ಮನೆ ಹೊಡೆದರಂತೆ. ಮನೆಯಲ್ಲಿ ಜೋರಾಗಿ ಓದಿದಾಗಲೂ ಕಿವಿಗೆ ಸರಿಯಾಗಿಯೇ ಕೇಳಿಸಿದೆ. ಪತ್ರಿಕೆ ಹಂಚಿ ಮುಗಿದ ಮೇಲೆ ಗಂಡಿನ ಕಡೆಯ ಯಾರೋ ಓದು ಬಂದವರು, ವಧೂವರರನ್ನು ಅರಸಬೇಕಂತೆ, ಹುಡುಗಿ ಈಗಲೇ ಓಡಿಹೋಗಿದ್ದಾಳಾ ಎಂದು ನಗಾಡಿದ್ದಾರೆ. ನಗೆ ಮಾತಾಯಿತು, ಮಾತು ಜಗಳವಾಯಿತು.

ಚನ್ನಪ್ಪನವರು ನಾಲ್ಕಾರು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದರು. ಅಂಗಡಿಯ ತುಂಬಾ ಗಿರಾಕಿಗಳು. ಅವರು ಕೂಗಾಡಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು, "ಇದು ಯಾರ್ ತಪ್ಪಮ್ಮ? ಅಷ್ಟು ಹೇಳ್ಬಿಡಿ, ಹೊರಟೋಗ್ತೀನಿ" ಎಂದರು.

ನನ್ನದು ಎನ್ನಬಹುದಿತ್ತು. ನಾನು ನನ್ನ ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದೆ — ನನ್ನಲ್ಲಿ ಸರಿಯಾಗಿದೆ ನೋಡಿ, ಆ ಕಡೆಯದು ಬಿಟ್ಟಿ ಹಂಚಿದ ಪ್ರೋಗ್ರಾಮು ಎಂದೆ. ಅಲ್ಲಿಗೆ ನಿಲ್ಲಿಸಿದ್ದರೂ... ನಿಲ್ಲಿಸಲಿಲ್ಲ. "ನಸೀಮಾನ ಬೈಬೇಡಿ ಪಾಪ. ಅವ್ಳ ಮನೆ ಮಾತು ಕನ್ನಡ ಅಲ್ವಲ್ಲ" ಎಂದೆ.

ಅಂಗಡಿಯಲ್ಲಿದ್ದವರೆಲ್ಲ ಓಹೋ ಎಂಬಂತೆ ತಲೆಯಾಡಿಸಿದರು. ಹ, ಅ ಎರಡನ್ನೂ ದಿನವಿಡೀ ಕಲಸುವವರು ನಾವು — ಚನ್ನಪ್ಪನವರು 'ಹೊರಟೋಗ್ತೀನಿ' ಎಂದದ್ದೂ ನಮ್ಮೆಲ್ಲರ ಹಾಗೆ 'ಒರಟೋಗ್ತೀನಿ' ಎಂದೇ ಕೇಳಿಸಿತ್ತು. ಆದರೂ ಆ ತಪ್ಪು ನಮ್ಮದಲ್ಲ, ಅವಳದು ಎಂಬುದು ಎಲ್ಲರಿಗೂ ಎಷ್ಟು ಸಲೀಸಾಗಿ ಒಪ್ಪಿಗೆಯಾಯಿತು! ಕಂಪ್ಯೂಟರಿನಲ್ಲಿ ನಾನು ಮಾಡಿದ್ದು ಕಳ್ಳತನ ಅನ್ನಿ. ಬಾಯಲ್ಲಿ ಮಾಡಿದ್ದಕ್ಕೆ ಇನ್ನೂ ಹೆಸರು ಹುಡುಕುತ್ತಿದ್ದೇನೆ.

ಮಾತು ಅವಳ ಕಿವಿಗೆ ಹೋಗದೆ ಇರುತ್ತದೆಯೇ? ಮಾರನೆಯ ದಿನ ಅವಳು ಬಂದು ನನ್ನ ಪಕ್ಕದಲ್ಲೇ ಕೂತು, ಮನೆಯಿಂದ ತಂದಿದ್ದ ತನ್ನ ಪ್ರೋಗ್ರಾಮಿನ ಮೂಲ ಪ್ರಿಂಟನ್ನು ಸಾಲು ಸಾಲಾಗಿ ಓದತೊಡಗಿದಳು. ಇಲ್ಲದ ದೋಷವನ್ನು ಹುಡುಕುತ್ತಿದ್ದಳು. ವಾರಗಟ್ಟಲೆ. ನಾನು ಅವಳಿಗೆ ಕಾಫಿ ತರಿಸಿಕೊಡುತ್ತಿದ್ದೆ. ನನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯಲ್ಲಿ ನಾನು ಏನಾದರೂ ಮುಟ್ಟಿರಬಹುದೆಂಬ ಯೋಚನೆಯೇ ಅವಳಿಗೆ ಬರಲಿಲ್ಲ. ಕೇಳಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆ — ಇಲ್ಲ, ಇದೂ ಸುಳ್ಳು. ಒಪ್ಪಿಕೊಳ್ಳುತ್ತಿರಲಿಲ್ಲ.

ಕೊನೆಗೆ ಒಂದು ಸಂಜೆ ಕನ್ನಡಕ ತೆಗೆದಿಟ್ಟು ನನ್ನ ಕಡೆ ತಿರುಗಿದಳು. "ಗಿರಿಜಾ, ನಿಜ ಹೇಳು. ನಂಗೆ ಹ, ಅ ಕೇಳ್ಸೋದ್ರಲ್ಲೇ ಏನೋ ತಪ್ಪಿದ್ಯಾ?"

"ಇರ್ಬೋದು ಕಣೇ" ಎಂದೆ.

ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಮಾರನೆಯ ದಿನದಿಂದ ಊರೂರಿಗೆ ಹೋಗಿ, ಇದರಲ್ಲಿ ದೋಷವಿದೆ, ಬಳಸಬೇಡಿ ಎಂದು ತಾನೇ ಹೇಳಿ ಬಂದಳು. ಕೊಟ್ಟಾಗ ಇದ್ದ ಅದೇ ಮರ್ಯಾದೆಯಿಂದ ವಾಪಸ್ ಪಡೆದಳು. ಹಾಲಿನ ಸಂಘದವರು ನಮಗೇನೂ ತೊಂದರೆಯಾಗಿಲ್ಲ, ಇರಲಿ ಬಿಡಮ್ಮ ಎಂದರಂತೆ, ಅವಳು ಒಪ್ಪಲಿಲ್ಲವಂತೆ. ಮತ್ತೆ ಅವಳು ಒಂದು ಸಾಲು ಪ್ರೋಗ್ರಾಮನ್ನೂ ಬರೆಯಲಿಲ್ಲ. ಹೊಸಕೋಟೆಗೆ ಮದುವೆಯಾಗಿ ಹೋಗಿ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳತೊಡಗಿದಳು. ಕನ್ನಡ ಹೇಳಿಕೊಡಿ ಎಂದು ಕೇಳಿದವರಿಗೆ ನಂಗೆ ಅಷ್ಟು ಬರಲ್ಲ ಎನ್ನುತ್ತಾಳೆಂದು ಅವಳ ಅತ್ತಿಗೆ ಒಮ್ಮೆ ನನಗೆ ಹೇಳಿದರು. ಅವತ್ತು ನನಗೆ ಊಟ ಇಳಿಯಲಿಲ್ಲ. ಮರುದಿನ ಇಳಿಯಿತು. ನನ್ನ ಅಂಗಡಿ ಚೆನ್ನಾಗಿಯೇ ನಡೆಯಿತು.

ಹೋದ ವಾರ ತೂಬಗೆರೆಗೆ ಹೋಗಿದ್ದೆ. ಚನ್ನಪ್ಪನವರು ಈಗಿಲ್ಲ. ಮಂಜುಳಾ ತವರಿಗೆ ಬಂದಿದ್ದಳು, ಕೂದಲು ನರೆತಿದೆ. ಜಗುಲಿಯಲ್ಲಿ ಕೂತು ಅವಳಿಗೆ ಎಲ್ಲವನ್ನೂ ಹೇಳಿದೆ, ಅಂಕಿ ಬದಲಿಸಿದ್ದು, ಅಂಗಡಿಯಲ್ಲಿ ಆಡಿದ್ದು, ಎಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಹಗುರಾಗುತ್ತೇನೆ ಎಂದೂ ಇತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಂದೇನಿಲ್ಲ ಬಿಡಿ, ಮದ್ವೆ ಆಯ್ತು, ಮಕ್ಳಾದ್ವು. ಆಯಮ್ಮಂಗೆ ಹೇಳಿದ್ರಾ?" ಎಂದಳು.

ಹೇಳಿರಲಿಲ್ಲ. ಸುಲಭವಾದ ಮನೆಗೆ ಮೊದಲು ಬಂದಿದ್ದೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸಕೋಟೆಗೆ ಹೊರಡುತ್ತೇನೆ. ನಿದ್ದೆ ಬರುತ್ತಿಲ್ಲ — ಹೆದರಿಕೆಯೋ ಆತುರವೋ ನನಗೇ ತಿಳಿಯುತ್ತಿಲ್ಲ. ಕ್ಷಮೆ ಕೇಳುವುದಿಲ್ಲ, ಅದು ಮತ್ತೆ ಅವಳಿಂದ ಬಿಟ್ಟಿ ಇಸ್ಕೊಂಡಂತೆ. ಅವಳ ಟ್ಯೂಷನ್ ಮಕ್ಕಳು, ಸೊಸೆ, ಅಕ್ಕಪಕ್ಕದವರು ಯಾರಿದ್ದರೂ ಇರಲಿ, ಎಲ್ಲರಿಗೂ ಕೇಳಿಸುವಂತೆ ಹೇಳುತ್ತೇನೆ. ಅವಳು ಒಳಗೆ ಕರೆಯದಿದ್ದರೆ ಬೀದಿಯಲ್ಲೇ ನಿಂತು ಹೇಳುತ್ತೇನೆ: ನೀನು ಕೇಳಿದ್ದಕ್ಕೆ ನಾನು 'ಇರ್ಬೋದು' ಎಂದಿದ್ದೆ ನಸೀಮಾ. ಇಲ್ಲ. ನಿನ್ನ ಕಿವಿಯಲ್ಲಿ ಏನೂ ತಪ್ಪಿರಲಿಲ್ಲ.