ಎಲ್ಲರ ಹೊಲದ ಮಗ್ಗಲಿನ ರಸ್ತೆ

ನಮ್ಮ ಮಾವನವರಿಗೆ ರಸ್ತೆ ಬೇಕಿತ್ತು. ಹೊಲದೊಳಗೆ ಬೇಡ, ಹೊಲದ ಮಗ್ಗಲಿಗೆ ಬೇಕಿತ್ತು. ಊರಿನ ಉಳಿದ ಹಿರಿಯರಿಗೂ ಹಾಗೆಯೇ. ಯಲಬುರ್ಗಾ ಕಡೆಯ ಎರೆಹೊಲಗಳಿಗೆ ಸೋಲಾರ್ ಕಂಪನಿ ಬಂದ ವರ್ಷ, ಲಾರಿ ಓಡಾಡಲು ದಾರಿ ಗುರುತು ಮಾಡುವ ಇಂಜಿನಿಯರನನ್ನು ಒಬ್ಬೊಬ್ಬರೂ ಕರೆದು ಚಹಾ ಕುಡಿಸಿದರು. ರಸ್ತೆ ಪಕ್ಕದ ಹೊಲಕ್ಕೆ ಬೆಲೆ ಏರುತ್ತದಲ್ಲ.

ಅವನ ಮೊದಲ ನಕ್ಷೆಯಲ್ಲಿ ಗೆರೆ ನೆಟ್ಟಗೇ ಇತ್ತು. ನಮ್ಮ ಹೊಲದ ಒಂದು ಮೂಲೆ ಹಾಯ್ದು ಹೋಗುತ್ತಿತ್ತು. "ಮೂಲಿ ಮುಟ್ಟಬ್ಯಾಡ್ರಿ ಸಾಹೇಬ್ರ, ಬದುವಿನ ಗುಂಟ ಒಯ್ರಿ" ಎಂದರು ಮಾವ. ಅವನು ಕೋಲೆಬಸವನಂತೆ ತಲೆ ಆಡಿಸಿದ. ಮುಂದಿನ ಮನೆಯಲ್ಲೂ ಆಡಿಸಿದ. ಚಹಾ ಕುಡಿದಷ್ಟೂ ರಸ್ತೆಗೆ ತಿರುವು ಬಿದ್ದವು. ಓದಿದವನಿಗೆ ಬುದ್ಧಿ ಇರಲಿಲ್ಲವೋ, ಇದ್ದೂ ಬೇಸರವಾಗಿತ್ತೋ, ನನಗೆ ಇಂದಿಗೂ ತಿಳಿದಿಲ್ಲ.

ರಸ್ತೆ ಹಾಗೆಯೇ ಆಯಿತು. ಸಣ್ಣ ಲಾರಿಗಳು ಹೇಗೋ ಸುತ್ತಿ ಹೋದವು. ಅಷ್ಟರಲ್ಲಿ ಮುಂಗಾರು ಬಂತು. ಗಂಡ ಕೂರಿಗೆ ಹೊಡೆದ, ಅದರ ಬಟ್ಟಲಿಗೆ ಹೆಸರುಕಾಳಿನ ಬೀಜ ಬಿಟ್ಟವಳು ನಾನು. ಮದುವೆಯಾಗಿ ಬಂದ ಮೇಲೆ ಮಾವ ಬಿತ್ತನೆಯನ್ನು ನನ್ನ ಕೈಗೆ ಬಿಟ್ಟದ್ದು ಅದೇ ಮೊದಲು. ರಸ್ತೆಯಿಂದ ಉಳಿದ ಆ ಮೂಲೆಯಲ್ಲೇ ಹೆಸರು ಎಲ್ಲಕ್ಕಿಂತ ಮುಂಚೆ ಎದ್ದಿತು. ಕೆಲಸ ಇರಲಿ ಬಿಡಲಿ, ದಿನಾ ಹೋಗಿ ನೋಡಿ ಬರುತ್ತಿದ್ದೆ. ಭಾಳ ಖುಷಿಯಾಗುತ್ತಿತ್ತು.

ಆಗ ಟ್ರಾನ್ಸ್‌ಫಾರ್ಮರ್ ಹೊತ್ತ ಉದ್ದನೆಯ ಟ್ರೇಲರ್ ಬಂದು ನಮ್ಮ ಬದುವಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಎತ್ತಿನ ಬಂಡಿ ಬಿಟ್ಟು ಬೇರೇನೂ ಹೊಡೆಯದ ಹಿರಿಯರೆಲ್ಲ ಸುತ್ತ ನಿಂತು ಡ್ರೈವರನಿಗೆ ಬುದ್ಧಿ ಹೇಳಿದರು. ಇಂಜಿನಿಯರು ಬಂದು ಮೊಬೈಲಿನಲ್ಲಿ ನಕ್ಷೆ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಅದು ಹಿಗ್ಗಿದರೆ ರಸ್ತೆಯೂ ಹಿಗ್ಗುತ್ತದೆಂದು ತಿಳಿದಿದ್ದನೋ ಏನೋ.

ಕೊನೆಗೆ ಜೆಸಿಬಿ ತರಿಸಿ ನಮ್ಮ ಮೂಲೆಯನ್ನೇ ಅಡ್ಡ ಕಡಿಯುವುದೆಂದಾಯಿತು.

"ಮಾವಾರ, ಹೆಸರು ಎದ್ದೈತ್ರಿ. ಒಲ್ಲೆ ಅನ್ರಿ" ಎಂದೆ.

"ಸುಮ್ನಿರವಾ, ಮಂದಿ ನೋಡಾಕತ್ತಾರ" ಎಂದು ತಾವೇ ಮುಂದೆ ನಿಂತು ಎಲ್ಲಿಂದ ಎಲ್ಲಿಗೆ ಕಡಿಯಬೇಕೆಂದು ತೋರಿಸಿದರು. ಹಸಿರು ಸಾಲುಗಳನ್ನು ಬಗೆದು ರಸ್ತೆಗೆ ಹಾಸುವ ಕೆಂಪು ಗರಸು ಮಣ್ಣು ಸುರಿದರು. ಮಧ್ಯಾಹ್ನದೊಳಗೆ ಟ್ರೇಲರ್ ದಾಟಿತು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಸಂಜೆ ಊಟಕ್ಕೆ ಕೂತ ಮಾವ, ಕಂಪನಿಯವರು ತಮ್ಮ ಮಾತು ಕೇಳಿದ್ದರಿಂದಲೇ ಗಾಡಿ ದಾಟಿತೆಂದರು. ತಾಟು ಇಟ್ಟು ಹಿತ್ತಿಲಿಗೆ ಹೋದೆ. ಬಡಿಸಲು ನನಗೆ ಮನಸ್ಸಾಗಲಿಲ್ಲ. ಅತ್ತೆ ಬಡಿಸಿ, ನನ್ನ ಹಿಂದೆಯೇ ಬಂದರು.

"ಬರೋ ವರ್ಷನೂ ನಿಮ್ಮ ಮಾವಾರು ನಿನ್ನ ಕೈಯಿಂದನ ಬಿತ್ತಸ್ತಾರಂತವಾ."

"ಅವರ ಬಿತ್ಲಿ ಬಿಡ್ರಿ, ಗರಸಿನ ಮ್ಯಾಲ" ಎಂದೆ.

ಅತ್ತೆ ನಕ್ಕರು. ನನಗೆ ಅಳು ಬಂತು.