ಬೀಗ ಎಳೆದು ನೋಡುವವರು

ನಮ್ಮ ಯಜಮಾನರದು ಬೀಗದ ಅಂಗಡಿ. ಹಳೆ ಬೀಗ ರಿಪೇರಿ ಮಾಡುತ್ತಾರೆ, ಕೀ ಮಾಡಿಕೊಡುತ್ತಾರೆ, ಯಾರನ್ನೂ ನಂಬುವುದಿಲ್ಲ. ಸಾಬೂನಿನ ಮೇಲೆ ಕೀಯ ಅಚ್ಚು ಒತ್ತಿಕೊಂಡು ಬಂದು "ಬೇಗ ಮಾಡ್ಕೊಡಿ, ಬಸ್ಸು ಹೊರಡುತ್ತೆ" ಎನ್ನುವವರಿಗೆ ಅವರದು ಒಂದೇ ಮಾತು: "ಮೊದಲು ಬಾಗಿಲು ತೋರಿಸಿ." ಜನ ಅವರನ್ನು ಅನುಮಾನಪ್ಪ ಎಂದು ಕರೆಯುತ್ತಾರೆ. ಆ ಹೆಸರಿಟ್ಟವಳು ನಾನೇ.

ಸಂಜೆ ಅಂಗಡಿ ಮುಚ್ಚಿ ಬೀಗ ಹಾಕಿದ ಮೇಲೆ ಎಳೆದು ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆದು ಮತ್ತೆ ಬಂದು ಎಳೆಯುತ್ತಾರೆ. ನಾನು ಚೀಲ ಹಿಡಿದು ಬೀದಿಯಲ್ಲಿ ಹಲ್ಲು ಕಡಿಯುತ್ತ ನಿಂತಿರಬೇಕು. "ನನ್ನನ್ನೂ ಒಂದ್ಸಲ ಎಳೆದು ನೋಡಿ, ಗಟ್ಟಿ ಇದ್ದೀನಾ ಅಂತ" ಎಂದು ಎಷ್ಟೋ ಸಲ ರೇಗಿದ್ದೇನೆ. ಕಿವಿಗೇ ಹಾಕಿಕೊಳ್ಳುವುದಿಲ್ಲ.

ಮೊನ್ನೆ ಅವರು ಬೀಗ ಎಳೆಯಲೇ ಇಲ್ಲ. ಹಾಕಿದರು, ಹೊರಟರು. ನಾನು ಹಿಂದೆಯೇ ಓಡಿದೆ.

"ರೀ, ಹುಷಾರಿಲ್ವಾ?"

"ಏನಿಲ್ಲ, ನಡಿ."

ಏನಿಲ್ಲ ಎಂದವರು ರಸ್ತೆ ದಾಟುವ ಮೊದಲೇ ನಿಂತುಬಿಟ್ಟರು. ಬೆರಳು ತಿರುಚಿಕೊಳ್ಳುತ್ತ ಎಲ್ಲ ಹೇಳಿದರು. ಬೆಳಗ್ಗೆ ಅಂಗಡಿಯ ಕಂಪ್ಯೂಟರಿಗೆ ಒಂದು ಮೇಲ್ ಬಂದಿತ್ತಂತೆ. ಕಂಪ್ಯೂಟರಿನ ಭದ್ರತೆ ಸಡಿಲವಾಗಿದೆ, ಕಳ್ಳರು ನುಗ್ಗುವ ಮೊದಲು ಜೊತೆಗಿರುವ ಅಪ್‌ಡೇಟ್ ಇವತ್ತೇ ಹಾಕಿಕೊಳ್ಳಿ ಎಂದು. ಕಳ್ಳರು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇವರು ಕೂತಲ್ಲಿ ಕೂರುವವರಲ್ಲ. ಒತ್ತಿದರು. ವೈರಸ್ ತಡೆಯುವ ಪ್ರೋಗ್ರಾಮ್ ಆಫ್ ಮಾಡಿ ಎಂದಿತು, ಮಾಡಿದರು. ಪರದೆ ಒಮ್ಮೆ ಮಿಟುಕಿ ಸುಮ್ಮನಾಯಿತು, ಅಪ್‌ಡೇಟ್ ಆದ ಗುರುತೇ ಇಲ್ಲ. ಅಷ್ಟೇ.

"ಅದರಲ್ಲಿ ಏನಿದೆ ಅಂತ ನಿಂಗೆ ಗೊತ್ತಲ್ಲ" ಎಂದರು.

ಗೊತ್ತಿತ್ತು. ಕೀ ಕಳೆದುಕೊಂಡವರು ಬಾಗಿಲು ಒಡೆಯುವಂತಾಗಬಾರದು ಎಂದು ತಾವು ಮಾಡಿದ ಪ್ರತಿ ಕೀಯ ಹಲ್ಲಿನ ಅಳತೆಯನ್ನೂ ಮನೆಯ ವಿಳಾಸದ ಜೊತೆ ಆ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಅದು ಯಾರದೋ ಕೈಗೆ ಸಿಕ್ಕರೆ ಬೀದಿ ಬೀದಿಯ ಮನೆಗಳಿಗೆ ಸದ್ದಿಲ್ಲದೆ ಕೀ ಮಾಡಿಕೊಳ್ಳಬಹುದು.

ಅಂಗಡಿ ಮತ್ತೆ ತೆರೆದೆವು. ಪಕ್ಕದ ಕಂಪ್ಯೂಟರ್ ರಿಪೇರಿಯವಳು ಬಂದು ಮೊದಲು ಇಂಟರ್ನೆಟ್ ವೈರ್ ಕಿತ್ತಳು, ಆಮೇಲೆ ಮೇಲ್ ಓದಿದಳು.

"ಅಣ್ಣಾ, ನಿಜವಾದ ಅಪ್‌ಡೇಟ್ ಹೀಗೆ ಮೇಲ್ ಜೊತೆ ಬರಲ್ಲ. ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲೇ ಇರುತ್ತೆ. ಕಳಿಸಿದವರ ವಿಳಾಸ ನೋಡಿ, ಕಂಪನಿಯದ್ದಲ್ಲ. ಇವತ್ತೇ ಮಾಡು ಅಂತ ಹೆದರಿಸ್ತಾನೆ. ಅದೂ ಸಾಲದು ಅಂತ ಕಾವಲಿಗಿರೋದನ್ನೇ ಆಫ್ ಮಾಡು ಅಂತಾನೆ."

"ಒಳಗಿದ್ದದ್ದು ಹೋಗಿದೆಯೇನಮ್ಮ?"

"ಹೋಗಿರಬಹುದು. ಹೋಗಿಲ್ಲ ಅಂತ ಹೇಳೋಕೆ ನನ್ನ ಕೈಲಾಗಲ್ಲ."

ನನಗೆ ತಡೆಯಲಾಗಲಿಲ್ಲ. "ಊರಿಗೆಲ್ಲ ಬಾಗಿಲು ತೋರಿಸಿ ಅಂತೀರಿ! ಈ ಮೇಲ್ ಕಳಿಸಿದವನ ಬಾಗಿಲು ಯಾಕೆ ಕೇಳಲಿಲ್ಲ?"

"ಬೀಗ ಗಟ್ಟಿ ಮಾಡ್ತೀನಿ ಅಂದ ಕಣೇ" ಎಂದರು. ಆ ದನಿ ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ವರ್ಷ ಆಡಿಕೊಂಡು ನಕ್ಕಿದ್ದೆನಲ್ಲ, ಆ ಭಯವನ್ನೇ ಹಿಡಿದು ಯಾವನೋ ಇವರನ್ನು ಎಳೆದುಬಿಟ್ಟಿದ್ದ.

ಬೆಳಗಾಗುವಷ್ಟರಲ್ಲಿ ಮನೆಯೊಳಗೆ ಎಷ್ಟು ಸುತ್ತು ಹಾಕಿದರೋ. ನಾನೂ ಕಣ್ಣು ಮುಚ್ಚಲಿಲ್ಲ. "ಯಾರಿಗೂ ಹೇಳೋದು ಬೇಡ, ಅಂಗಡಿ ಕಡೆ ಯಾರೂ ತಲೆ ಹಾಕಲ್ಲ ಆಮೇಲೆ" ಎಂದೆ. ಅವರು ಚೀಲಕ್ಕೆ ಹೊಸ ಬೀಗ, ಸ್ಕ್ರೂಡ್ರೈವರ್ ತುಂಬುತ್ತಿದ್ದರು. "ಬಾಗಿಲು ನಮ್ಮದಲ್ಲ, ಅವರದ್ದು" ಎಂದರು. ಕೀ ಮಾಡಿಸಿಕೊಂಡವರ ಮನೆಗಳಿಗೆ ನಾನೂ ಚಪ್ಪಲಿ ಮೆಟ್ಟಿ ಹೊರಟೆ.

ಮೊದಲನೆಯ ಮನೆಯ ಬೇಕರಿಯವನು ಕೇಳಿ ಕೆಂಡಾಮಂಡಲವಾದ. ಬೇರೆಯವರ ಹತ್ತಿರ ಬೀಗ ಹಾಕಿಸ್ತೀನಿ, ನಿಮ್ಮ ಸಹವಾಸವೇ ಬೇಡ ಎಂದು ಮುಖದ ಮೇಲೆ ಬಾಗಿಲು ಬಡಿದ. ಇವರು ಆ ಮುಚ್ಚಿದ ಬಾಗಿಲಿಗೇ "ಇವತ್ತೇ ಹಾಕಿಸಿ ಸ್ವಾಮಿ" ಎಂದರು. ಅದರ ಎದುರು ಮನೆಯ ಹೆಂಗಸು ಬಾಗಿಲು ತೆರೆಯಲೇ ಇಲ್ಲ. "ಅವಸರ ಮಾಡ್ತಿದ್ದೀರಿ, ನೀವು ಬೀಗದವರೇ ಅಂತ ನಂಗೇನು ಗೊತ್ತು? ಅಂಗಡಿಗೆ ಬಂದು ನೋಡಿಕೊಳ್ತೀನಿ" ಎಂದಳು ಕಿಟಕಿಯಿಂದ. ನನಗೆ ಆ ಸಂಕಟದಲ್ಲೂ ನಗು ಬಂತು. ಇವರು ನಗಲಿಲ್ಲ.

"ಸರಿಯಾಗಿ ಹೇಳಿದ್ರು" ಎಂದಷ್ಟೇ ಅಂದರು.

ತಿರುವಿನಲ್ಲಿ ಟೀಚರಮ್ಮನ ಮನೆ. ನಿವೃತ್ತರು, ಒಬ್ಬರೇ ಇರುತ್ತಾರೆ. ಇವರು ಹೊಸ್ತಿಲಾಚೆಯೇ ನಿಂತು, ತಲೆ ತಗ್ಗಿಸಿ, ಒಂದನ್ನೂ ಬಿಡದೆ ಹೇಳಿದರು. "ಬೇರೆಯವರನ್ನ ಕರೆಸಿಕೊಳ್ಳಿ, ನಾನು ಬೇಜಾರು ಮಾಡ್ಕೊಳಲ್ಲ" ಎಂದರು. ಟೀಚರಮ್ಮ ಒಳಗೆ ಹೋದರು. ಆಮೇಲೆ ಒಳಗಿನಿಂದ ಒಂದು ಸ್ಟೂಲ್ ತಂದು ಬಾಗಿಲ ಹತ್ತಿರ ಹಾಕಿ, "ಕೂತ್ಕೊಂಡು ಬಿಚ್ಚಿ" ಎಂದರು.

ಇವರು ಕೂತು ಹಳೆ ಬೀಗ ಬಿಚ್ಚಿದರು. ಸ್ಕ್ರೂ ಎರಡು ಸಲ ಜಾರಿ ಬಿತ್ತು, ಎರಡು ಸಲವೂ ನಾನೇ ಹುಡುಕಿಕೊಟ್ಟೆ. ಹೊಸ ಬೀಗ ಕೂಡಿಸಿ ಕೀಗಳನ್ನು ಅವರ ಕೈಗಿಟ್ಟು, "ಅಳತೆ ಎಲ್ಲೂ ಬರೆದುಕೊಂಡಿಲ್ಲ ಅಮ್ಮ" ಎಂದು ಚೀಲ ಎತ್ತಿಕೊಂಡರು. ಟೀಚರಮ್ಮ ಒಳಗಿನಿಂದ ಬಾಗಿಲು ಹಾಕಿ ಕೀ ತಿರುಗಿಸಿದ್ದು ಕೇಳಿಸಿತು. ನಾವು ಮೆಟ್ಟಿಲು ಇಳಿಯುತ್ತಿದ್ದೆವು.

"ಎಲ್ಲಿಗೆ ಹೊರಟ್ರಿ?" ಒಳಗಿನಿಂದ ಟೀಚರಮ್ಮ ಕೂಗಿದರು. "ಎಳೆದು ನೋಡಿ ಹೋಗಿ. ನೀವು ನೋಡದೆ ಇದ್ರೆ ನಂಗೆ ನಿದ್ದೆ ಬರಲ್ಲ."