ಕುದುರೆ ಸಾಯುವ ಪುಟ

ಮೊನ್ನೆ ಬೆಳಿಗ್ಗೆ ಮೊಳಕಾಲ್ಮುರಿನ ನಮ್ಮ ಮನೆಯ ಹಿತ್ತಲಲ್ಲಿ ಮೈದಾ ಅಂಟು ಕುದಿಯುತ್ತಿತ್ತು. ಮಗ್ಗದ ಕೂಲಿ ಹೆಚ್ಚಿಸಬೇಕೆಂಬ ಭಿತ್ತಿಪತ್ರಗಳನ್ನು ಊರಿನ ಗೋಡೆಗಳಿಗೆ ಹಚ್ಚುವುದಿತ್ತು. ಅಂಟು ಕಾಯಿಸುವ ಹೊಣೆಯನ್ನು ನೆರೆಮನೆಯ ಅಕ್ಕ ವಹಿಸಿಕೊಂಡಿದ್ದರು. ಅವರು ರೇಷ್ಮೆ ಸೀರೆ ನೇಯುವವರು. ಗಂಜಿಯ ಹದ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹುಳ ಹತ್ತದಿರಲೆಂದು ಅವರು ಒಂದು ಚಿಟಿಕೆ ಮೈಲುತುತ್ತ ಉದುರಿಸಿ ಕದಡಿದ ಕೂಡಲೇ ಆ ಘಾಟು ಎದ್ದಿತು. ಹುಳಿಯೊಡೆದ ಹಿಟ್ಟು, ಅದರ ಹಿಂದೆಯೇ ತಾಮ್ರದ ಕಿಲುಬು… ನಾನು ಕೈಯಲ್ಲಿದ್ದ ಭಿತ್ತಿಪತ್ರಗಳನ್ನು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ. ಎಷ್ಟೋ ವರ್ಷಗಳ ಮೇಲೆ, ಆ ಘಾಟಿನೊಂದಿಗೆ, ಚಳ್ಳಕೆರೆಯ ಬೈಂಡಿಂಗ್ ಅಂಗಡಿಯ ಯಜಮಾನರು ನನ್ನ ಹಿತ್ತಲಿಗೆ ಬಂದಿದ್ದರು.

ಅವರ ಬಗ್ಗೆ ಬರೆಯಬೇಕಾದರೆ ಮೊದಲು ನಾನು ಹೇಳಿದ ಒಂದು ಸುಳ್ಳಿನ ಬಗ್ಗೆ ಬರೆಯಬೇಕು. ಸುಳ್ಳು ಹೇಳುವುದು ನನ್ನ ಅಭ್ಯಾಸವಲ್ಲ. ನಾನು ಓದಿದ ಶಾಲೆಯಲ್ಲಿ ಪರೀಕ್ಷೆಗಳಿರಲಿಲ್ಲ, ಬೆತ್ತವಿರಲಿಲ್ಲ, ಶಿಕ್ಷಕರನ್ನು ಅಣ್ಣ ಅಕ್ಕ ಎಂದು ಕರೆಯುತ್ತಿದ್ದೆವು. ಕಂಡ ಅನ್ಯಾಯವನ್ನು ಅದರ ಹೆಸರು ಹಿಡಿದು ಹೇಳಬೇಕೆಂಬುದನ್ನು ಅಲ್ಲಿಯೇ ಕಲಿತೆ. ಇಂದಿಗೂ ಹೇಳುತ್ತಿದ್ದೇನೆ, ಬಸ್ಸಿನಲ್ಲಿ ಚಿಲ್ಲರೆ ಕೊಡದ ನಿರ್ವಾಹಕರಿಂದ ಹಿಡಿದು ಹೆಣ್ಣುಮಗಳಿಗೆ ಸಣ್ಣ ಲೋಟದಲ್ಲಿ ಹಾಲು ಕೊಡುವ ಮನೆಗಳವರೆಗೆ. ಆದರೆ ಆ ಶಾಲೆಯ ಗ್ರಂಥಾಲಯದಲ್ಲಿ ರಾಜರಾಣಿಯರ ಕಥೆ ಇರಲಿಲ್ಲ. ರಾಜನೆಂದರೆ ಶೋಷಕ, ಮಂತ್ರವಾದಿಯೆಂದರೆ ಮೌಢ್ಯದ ವ್ಯಾಪಾರಿ, ಮಾತಾಡುವ ಕುದುರೆಯೆಂದರೆ ವಾಸ್ತವದಿಂದ ಪಲಾಯನ. ಹೀಗಾಗಿ ನಾನು ಬಾವಿ ತೋಡುವವರ, ಬುಟ್ಟಿ ಹೆಣೆಯುವವರ ಕಥೆಗಳನ್ನಷ್ಟೇ ಓದಿ ದೊಡ್ಡವಳಾದೆ. ಅವು ಒಳ್ಳೆಯ ಕಥೆಗಳೇ. ಅವುಗಳಲ್ಲಿ ಯಾರೂ ಹಾರುತ್ತಿರಲಿಲ್ಲ, ಅಷ್ಟೆ.

ನನಗಾಗ ನಲವತ್ತೊಂದು. ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿಗೆ ಕುರಿ ಹೊಡೆದುಕೊಂಡು ಹೋಗುವವರ ದಾರಿಯ ಬಗ್ಗೆ ಒಂದು ಸಭೆ ಇತ್ತು. ಚಾರ್ಟ್ ಹಾಳೆ ಕೊಳ್ಳಲು ಚಳ್ಳಕೆರೆಯ ಆ ಅಂಗಡಿಗೆ ಹೋದೆ. ಎಣ್ಣೆ ಮಿಲ್ಲುಗಳ ಬೀದಿಯ ಕೊನೆಯಲ್ಲಿತ್ತು. ಮುಂದೆ ನೋಟ್‌ಬುಕ್ಕು, ಗೈಡುಗಳ ವ್ಯಾಪಾರ; ಹಿಂದೆ ಕಬ್ಬಿಣದ ಒತ್ತುಯಂತ್ರ, ಅಂಟಿನ ಡಬರಿ, ಹೊಲಿಗೆಗೆ ಕಾದಿದ್ದ ಶಾಲಾ ರಿಜಿಸ್ಟರುಗಳು. ಗೈಡುಗಳ ನಡುವೆ ಒಂದು ಪುಸ್ತಕವಿತ್ತು. ಹೊದಿಕೆಯ ಮೇಲೆ ಬತ್ತಿದ ಉಪ್ಪಿನ ಕೆರೆ, ಒಬ್ಬ ಹುಡುಗಿ, ಒಂದು ಮುದಿ ಕುದುರೆ. ಐದು ಸಂಪುಟಗಳ ಮಾಲೆಯ ಮೊದಲನೆಯದು. ಹಿಂಬದಿಯಲ್ಲಿ ‘ಹನ್ನೆರಡರಿಂದ ಹದಿನಾರು ವರ್ಷದವರಿಗೆ’ ಎಂದು ಅಚ್ಚಾಗಿತ್ತು. ನಾನು ಮೊದಲ ಪುಟ ತೆರೆದೆ, ಎರಡನೆಯದಕ್ಕೆ ಹೋದೆ, ಏಳನೆಯದಕ್ಕೆ ಬಂದಾಗ ಯಜಮಾನರು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು.

“ಯಾರಿಗೆ ತಾಯಿ?”

“ನಮ್ಮಣ್ಣನ ಮಗಳಿಗೆ,” ಎಂದೆ.

ನನಗೆ ಅಣ್ಣನಿಲ್ಲ.

ಬಸ್ಸಿನಲ್ಲಿ ಓದುತ್ತಾ ಕುಳಿತವಳು ನಮ್ಮೂರಿಗೆ ತಿರುಗುವ ಹಾನಗಲ್ ಕ್ರಾಸಿನಲ್ಲಿ ಇಳಿಯುವುದನ್ನು ಮರೆತು ರಾಂಪುರ ತಲುಪಿದೆ. ಹಾಗೆಂದು ವಿವೇಚನೆ ಕಳೆದುಕೊಂಡು ಓದಿದೆನೆಂದು ಯಾರೂ ತಿಳಿಯಬಾರದು. ಆ ರಾಜ್ಯದಲ್ಲಿ ಉಪ್ಪು ಹೊರುವವರ ಕೂಲಿಯ ಪ್ರಸ್ತಾಪವೇ ಇರಲಿಲ್ಲ; ಹದಿನಾಲ್ಕು ವರ್ಷದ ಹುಡುಗಿಯನ್ನು ಹಿರಿಯರೆಲ್ಲ ಸೇರಿ ಯುದ್ಧಕ್ಕೆ ಕಳುಹಿಸುತ್ತಿದ್ದರು; ಗಾಳಿಯನ್ನು ಕಟ್ಟಿಹಾಕಿ ಮಾರುವ ದೊರೆಯನ್ನು ಓಡಿಸಿದ ಮೇಲೂ ಅವರು ಮತ್ತೊಬ್ಬ ದೊರೆಯನ್ನೇ ಹುಡುಕುತ್ತಿದ್ದರು. ಇವೆಲ್ಲವನ್ನೂ ಪೆನ್ಸಿಲಿನಲ್ಲಿ ಪುಟಗಳ ಅಂಚಿನಲ್ಲಿ ದಾಖಲಿಸಿದೆ. ದಾಖಲಿಸುತ್ತಾ ದಾಖಲಿಸುತ್ತಾ ರಾಂಪುರದ ನಿಲ್ದಾಣದಲ್ಲೇ ಪುಸ್ತಕ ಮುಗಿಸಿದೆ.

ಎರಡನೆಯ ಸಂಪುಟ ಬರಲು ಹತ್ತು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಚಾರ್ಟ್ ಹಾಳೆಯ ನೆಪದಲ್ಲಿ ಆರು ಬಾರಿ ಹೋಗಿದ್ದೆ. ನನ್ನ ಅಣ್ಣನ ಮಗಳು ಆ ಅಂಗಡಿಯಲ್ಲಿ ಬೆಳೆಯತೊಡಗಿದ್ದಳು. ಅವಳಿಗೆ ಗಣಿತ ಕಷ್ಟ, ಮಳೆಗಾಲದಲ್ಲಿ ಕೆಮ್ಮು, ಕುದುರೆಗಳೆಂದರೆ ಪ್ರಾಣ. ಯಜಮಾನರು ಅವಳನ್ನು “ನಮ್ಮ ಹುಡುಗಿ” ಎನ್ನುತ್ತಿದ್ದರು. ಒಮ್ಮೆ ನಾನು ಲೆಕ್ಕ ತಪ್ಪಿ, ಹಿಂದಿನ ವರ್ಷ ಹೇಳಿದಂತೆಯೇ ಈ ವರ್ಷವೂ “ಏಳನೇ ತರಗತಿ” ಎಂದುಬಿಟ್ಟೆ.

“ಫೇಲಾದ್ಲಾ?” ಅವರ ಕೈಯಲ್ಲಿದ್ದ ದಬ್ಬಣ ನಿಂತಿತು.

ನಾನು ಮಕ್ಕಳನ್ನು ನಪಾಸು ಮಾಡುವ ಪದ್ಧತಿಯೇ ಅಮಾನವೀಯವೆಂದು ಹದಿನೈದು ನಿಮಿಷ ವಾದಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಎದ್ದು ಹೋಗಿ, ಏಳನೇ ತರಗತಿಯ ಗಣಿತದ ಗೈಡೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. “ಬೈಬ್ಯಾಡ್ರಿ ಹುಡುಗೀನ. ಇದ್ನ ಓದಿದ್ರೆ ಸಾಕು.” ಜೊತೆಗೆ ಮನೆಯಲ್ಲಿ ಮಾಡಿದ ಕಡಲೆಕಾಯಿ ಉಂಡೆಗಳು ಆರು. ಶಾಲೆಗಳಲ್ಲಿ ಮಕ್ಕಳ ಪಾಲಿನ ಮೊಟ್ಟೆಯನ್ನು ದೊಡ್ಡವರು ತಿನ್ನುವುದರ ವಿರುದ್ಧ ನಾನು ಅರ್ಜಿ ಬರೆದಿದ್ದೇನೆ. ಬಸ್ಸು ತಳಕು ಊರನ್ನು ದಾಟುವಷ್ಟರಲ್ಲಿ ಅದೇ ಕೈಯಿಂದ ಆರೂ ಉಂಡೆಗಳನ್ನು ತಿಂದಿದ್ದೆ.

ಎರಡನೆಯ ಸಂಪುಟದ ನಡುವೆ ನಾಲ್ಕು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಗ್ರಾಹಕರ ಹಕ್ಕಿನ ಪ್ರಶ್ನೆಯಿದು. ಮರುದಿನವೇ ಹೋಗಿ ಪುಸ್ತಕವನ್ನು ಅವರ ಮುಂದಿಟ್ಟು, ದೋಷವಿರುವ ಪ್ರತಿಯನ್ನು ಬದಲಿಸಿಕೊಡಬೇಕೆಂದೆ. ಯಜಮಾನರು ಹಾಳೆಗಳನ್ನು ಹೆಬ್ಬೆರಳಿನಿಂದ ಸವರಿ ಸಂತೋಷಪಟ್ಟರು.

“ದೋಷ ಅಲ್ಲ ತಾಯಿ. ನಾನೇ ಅಂಟ್ಸಿದ್ದು. ಅಲ್ಲಿ ಕುದುರೆ ಸಾಯ್ತೈತೆ.”

ಅಲ್ಲಿಯವರೆಗೆ ನನಗದು ಗೊತ್ತಿರಲಿಲ್ಲ. ರಿಜಿಸ್ಟರುಗಳ ಕಟ್ಟಿನ ಮೇಲೆ ಕುಳಿತೆ. ಅವರು ವಿವರಿಸುತ್ತಲೇ ಇದ್ದರು. ಹುಡುಗಿಗೆ ಕೊಡುವ ಮೊದಲು ತಾವೇ ಓದಿ ನೋಡುತ್ತಿದ್ದರಂತೆ. ಆ ಭಾಗ ಓದುವಾಗ ಅಂಗಡಿಯಲ್ಲೇ ಅಳು ಬಂದು, ಪಕ್ಕದ ಸೈಕಲ್ ಅಂಗಡಿಯವನು ಇವರ ಮನೆಯಲ್ಲಿ ಯಾರೋ ತೀರಿಕೊಂಡರೆಂದು ತನ್ನ ಅಂಗಡಿಯ ಬಾಗಿಲು ಅರ್ಧ ಎಳೆದನಂತೆ. “ನನಗೇ ಹಿಂಗಾದ್ರೆ ಆ ಕೂಸಿಗೆ ಹೆಂಗಾಗ್ಬೇಕು? ಅದ್ಕೆ ಬರೇ ಅಂಚಿಗೆ ಹಚ್ಚೀನಿ, ಅಕ್ಷರಕ್ಕೆ ತಾಗ್ಸಿಲ್ಲ. ನಾನು ಬೈಂಡರ್ರು, ಹಾಳೆ ಹರಿಯೋನಲ್ಲ. ದೊಡ್ಡೋಳಾದ ಮ್ಯಾಲೆ ಆವಿ ಹಿಡುದ್ರೆ ತಾನೇ ಬಿಟ್ಕಂತೈತೆ.”

ಇದು ಸೆನ್ಸಾರು. ಸ್ಪಷ್ಟವಾಗಿ ಸೆನ್ಸಾರು. ಮಗುವಿಗೆ ದುಃಖವನ್ನು ತಿಳಿಯುವ ಹಕ್ಕಿದೆ, ಯಾವ ಹಿರಿಯರಿಗೂ ಪುಟ ಮುಚ್ಚುವ ಅಧಿಕಾರವಿಲ್ಲ ಎಂದು ನಾನು ಎದ್ದು ನಿಂತು ಹೇಳಿದೆ. ಆದರೆ ಆ ಮಗು ನಾನೇ ಎಂದು ಹೇಳಲಾರದೆ ವಾದ ಅರ್ಧಕ್ಕೇ ಸೊರಗಿತು. ಮನೆಗೆ ಬಂದು ಕುಕ್ಕರಿನ ಆವಿಗೆ ಪುಸ್ತಕ ಹಿಡಿದೆ. ಅಂಚುಗಳು ಮೆಲ್ಲಗೆ ಬಿಟ್ಟುಕೊಂಡವು. ಕುದುರೆ ಸತ್ತಿತು. ಎರಡು ದಿನ ನಾನು ಯಾವ ಸಭೆಗೂ ಹೋಗಲಿಲ್ಲ.

ಮೂರನೆಯದರಲ್ಲಿ ಒಂದು ಕಡೆ, ನಾಲ್ಕನೆಯದರಲ್ಲಿ ಮೂರು ಕಡೆ ಅಂಟು. ಪ್ರತಿ ಸಲವೂ ಹೊರಗೆ ಪ್ರತಿಭಟನೆ, ಒಳಗೆ ಕುಕ್ಕರು. ಹೀಗೆ ನಾಲ್ಕು ವರ್ಷ ಕಳೆದವು. ಕೊನೆಯ ಸಂಪುಟ ಬಂದ ದಿನ ಯಜಮಾನರು ಅದನ್ನು ತೋರಿಸಿದರೇ ಹೊರತು ಕೊಡಲಿಲ್ಲ.

“ಇದ್ನ ಅವಳ ಕೈಗೇ ಕೊಡ್ತೀನಿ. ಇಷ್ಟು ವರ್ಷ ಆತು, ಒಂದ್ಸಲ ಕರ್ಕಂಬರ್ರಿ. ನೋಡ್ಬೇಕು.”

ಮೂರು ತಿಂಗಳು ನಾನು ಚಳ್ಳಕೆರೆಯ ಕಡೆ ತಲೆ ಹಾಕಲಿಲ್ಲ. ಪುಸ್ತಕ ಅಲ್ಲಿತ್ತು, ಸತ್ಯ ಹೇಳದೆ ಅದು ಸಿಗುವಂತಿರಲಿಲ್ಲ, ಸತ್ಯ ಹೇಳಿದರೆ ಯಜಮಾನರ ಹುಡುಗಿಯನ್ನು ನಾನೇ ಅವರಿಂದ ಕಿತ್ತುಕೊಂಡಂತಾಗುತ್ತಿತ್ತು. ನನ್ನ ಬದುಕಿನ ಅತ್ಯಂತ ನಾಚಿಕೆಯ ಆಲೋಚನೆ ಬಂದದ್ದು ಆಗಲೇ. ನೆರೆಮನೆಯ ಅಕ್ಕನ ಮಗಳು ಆಗ ಒಂಬತ್ತನೇ ತರಗತಿಯಲ್ಲಿದ್ದಳು. ಒಂದು ದಿನದ ಮಟ್ಟಿಗೆ ನನ್ನ ಅಣ್ಣನ ಮಗಳಾಗುವೆಯಾ ಎಂದು ಅವಳನ್ನು ಕೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಸುಳ್ಳು ಹೇಳ್ಬಾರ್ದು ಅಂತ ನಮ್ಮ ಸ್ಕೂಲಾಗೆ ಬೀದಿ ನಾಟಕ ಆಡ್ಸಿದ್ದು ನೀವೇ ಅಲ್ವಾ ಆಂಟಿ?”

ಮರುದಿನ ಚಳ್ಳಕೆರೆಯ ಬಸ್ಸು ಹತ್ತಿದೆ.

ಯಜಮಾನರು ಒತ್ತುಯಂತ್ರದ ಹಿಡಿಕೆ ತಿರುಗಿಸುತ್ತಿದ್ದರು. ನನ್ನ ಹಿಂದೆ ಬಾಗಿಲಿನತ್ತ ಇಣುಕಿ, “ಎಲ್ಲಿ ಹುಡುಗಿ?” ಎಂದರು.

“ಯಜಮಾನ್ರೇ, ಹುಡುಗಿ ಇಲ್ಲ.”

ಅವರ ಮುಖ ಬಿಳಿಚಿತು. “ಅಯ್ಯೋ ಶಿವನೇ… ಏನಾಗಿತ್ತು?”

“ಏನೂ ಆಗಿಲ್ಲ!” ಎಂದು ನಾನು ಕೂಗಿಯೇಬಿಟ್ಟೆ. “ಅವಳು ಹುಟ್ಟೇ ಇಲ್ಲ. ನನಗೆ ಅಣ್ಣನೇ ಇಲ್ಲ.”

ಹಿಡಿಕೆ ಬಿಟ್ಟು ಅವರು ಸ್ಟೂಲಿನ ಮೇಲೆ ಕುಳಿತರು. ವಿಚಾರಣೆ ಶುರುವಾಯಿತು.

“ಮತ್ತೆ ಪುಸ್ತಕ ಓದ್ತಿದ್ದೋರು?”

“ನಾನೇ.”

“ಉಂಡೆ?”

“ಅದೂ ನಾನೇ.”

“ಲೆಕ್ಕದ ಗೈಡು?”

“ಅದನ್ನು ಮಾತ್ರ ಓದಲಿಲ್ಲ.”

“ಹಂಗಾದ್ರೆ,” ಅವರ ಸ್ವರ ತಗ್ಗಿತು, “ಕುದುರೆ ಸಾಯಾದ್ನ ನಾನು ಯಾರಿಗೆ ಮುಚ್ಚಿಟ್ಟೆ?”

“ನನಗೇ.”

“ಬಿಡಿಸಿ ಓದಿದ್ರಾ?”

“ಅವತ್ತೇ.”

“ಅತ್ರಾ?”

“ಎರಡು ದಿನ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಮತ್ತೆ ನಾನು ಅಂಟ್ಸಿದ್ದು ಸರಿಯಾಗೇ ಐತಲ್ಲ!”

ನನಗೆ ನಗು ಬಂತು. ಅವರು ನಗಲಿಲ್ಲ. ಮೇಲಿನ ಹಲಗೆಯಲ್ಲಿ ಹೊಸ ಜಾಮಿಟ್ರಿ ಬಾಕ್ಸೊಂದಿತ್ತು. ಅದನ್ನು ಯಾರಿಗಾಗಿ ಇಟ್ಟಿದ್ದರೆಂದು ನಾನು ಕೇಳಲಿಲ್ಲ. “ಎಂಟನೇ ಕ್ಲಾಸು ಪಾಸಾದ್ಲು ಅಂದ್ರಲ್ಲ ನೀವು… ಅವತ್ತು ನಮ್ಮನೇಲಿ ಪಾಯಸ ಮಾಡಿದ್ವಿ,” ಎಂದರು. ನಾನು ಬೇರೆಯವರಿಂದ ಎಷ್ಟೋ ಸಲ ಕ್ಷಮಾಪಣೆ ಬರೆಸಿಕೊಂಡವಳು. ಕೇಳುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು. ಕೇಳಿದೆ. ಅವರು ಕೊನೆಯ ಸಂಪುಟವನ್ನು ಕೈಗೆತ್ತಿಕೊಂಡರು. ನಾನು ಕೈ ಚಾಚಿದೆ. ಅವರು ಹಿಂದಕ್ಕೆಳೆದುಕೊಂಡರು.

“ಇದು ಹುಡುಗಿಗೆ ಅಂತ ಅಂಟ್ಸಿದ್ದು. ನಿಮಗಾಗಲ್ಲ. ಮುಂದಿನ ವಾರ ಬರ್ರಿ.”

“ಎಲ್ಲಾ ಬಿಚ್ಚಿ ಕೊಡ್ತೀರಾ?”

“ಬಿಚ್ಚೋದೂ ಐತೆ, ಅಂಟ್ಸೋದೂ ಐತೆ. ಮಕ್ಳು ಹೆದರೋ ಜಾಗ ಬ್ಯಾರೆ ತಾಯಿ, ದೊಡ್ಡೋರು ಹೆದರೋ ಜಾಗ ಬ್ಯಾರೆ.”

ಒಂದು ವಾರದ ಮೇಲೆ ಪುಸ್ತಕ ಕೊಟ್ಟರು. ಜಾಮಿಟ್ರಿ ಬಾಕ್ಸೂ ಕೊಟ್ಟರು, ಮುಖದಲ್ಲಿ ಸಣ್ಣ ನಗೆಯಿತ್ತು. “ತಡ್ಕಳಕ್ಕಾಗ್ತೈತೆ ಅನ್ಸಿದ ದಿನ ಬಿಡಿಸ್ಕಳ್ರಿ. ಅವಸರ ಇಲ್ಲ.” ಓದಿದೆ. ಯುದ್ಧ, ಸುಟ್ಟ ಊರುಗಳು, ಗಾಳಿಯಿಲ್ಲದೆ ಬಿದ್ದ ಹಕ್ಕಿಗಳು, ಹುಡುಗಿಯ ಗೆಳತಿಯ ಸಾವು, ಎಲ್ಲವೂ ತೆರೆದೇ ಇದ್ದವು. ಹುಡುಗಿ ಯುದ್ಧ ಮುಗಿಸಿ ತನ್ನೂರಿನ ಕೆರೆಯ ಏರಿ ಹತ್ತುತ್ತಾಳೆ, ಪುಟ ತಿರುಗಿಸಬೇಕು… ಅಲ್ಲಿ ಅಂಟು. ಇಡೀ ಪುಸ್ತಕದಲ್ಲಿ ಅದೊಂದೇ ಜಾಗ. ಕುಕ್ಕರು ಒಲೆಯ ಮೇಲಿತ್ತು. ಹಿಂದಿನ ಅಂಟುಗಳನ್ನೆಲ್ಲ ಅದೇ ದಿನ ಬಿಡಿಸಿದವಳಿಗೆ ಇದನ್ನು ಮಾತ್ರ ಬಿಡಿಸಲು ಧೈರ್ಯ ಬರಲಿಲ್ಲ. ಅವೆಲ್ಲ ಬೇರೆಯವಳಿಗಾಗಿ ಹಚ್ಚಿದ ಅಂಟು. ಇದು ನನ್ನನ್ನು ಅಳೆದು ಹಚ್ಚಿದ್ದು. ಏರಿಯ ಆಚೆ ಅವಳ ಅವ್ವ ಸತ್ತಿರಬೇಕು, ಅಥವಾ ಮನೆಯೇ ಇಲ್ಲದಿರಬೇಕು ಎಂದು ನಾನೇ ಊಹಿಸಿಕೊಂಡು ಪುಸ್ತಕವನ್ನು ಎತ್ತಿಟ್ಟೆ.

ಆ ವರ್ಷದ ಕೊನೆಗೆ ಮತ್ತೆ ಚಾರ್ಟ್ ಹಾಳೆಗೆಂದು ಹೋದಾಗ ಅಂಗಡಿಯ ಬಾಗಿಲು ಮುಚ್ಚಿತ್ತು. ಸೈಕಲ್ ಅಂಗಡಿಯವನೂ ಬಾಗಿಲನ್ನು ಅರ್ಧ ಎಳೆದಿದ್ದ; ಈ ಸಲ ಅವನು ತಪ್ಪು ತಿಳಿದಿರಲಿಲ್ಲ. ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, ಅತ್ತು ಕೆಂಪಾದ ಕಣ್ಣಲ್ಲೇ ನಕ್ಕರು. “ನೀವೇ ಏನವ್ವ, ಆ ಎಂಟನೇ ಕ್ಲಾಸಿನ ಹುಡುಗಿ?” ಎಂದರು. ಹೌದೆಂದೆ. ನನ್ನನ್ನು ಒಳಗೆ ಕರೆದು ಕೂರಿಸಿದರು. ಬೈಂಡಿಂಗ್ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರುಗಳ ಅಂಗಡಿಯಿದೆ. ಒತ್ತುಯಂತ್ರ ಗುಜರಿಗೆ ಹೋಯಿತೆಂದು ಕೇಳಿದೆ. ಎಷ್ಟೋ ಅನ್ಯಾಯಗಳ ವಿರುದ್ಧ ಅರ್ಜಿ ಬರೆದಿದ್ದೇನೆ. ಇದಕ್ಕೆ ಯಾರಿಗೆ ಬರೆಯುವುದೆಂದು ತಿಳಿಯಲಿಲ್ಲ…

ಮೊನ್ನೆ ಅಂಟಿನ ಡಬರಿಯಿಂದ ಆವಿ ಏಳುತ್ತಿತ್ತು. ನಾನು ಒಳಗೆ ಹೋಗಿ ಆ ಪುಸ್ತಕ ತಂದು ಆವಿಗೆ ಹಿಡಿದೆ. ಅಂಚು ಬಿಟ್ಟುಕೊಂಡಿತು. ಒಳಗೆ ನಾಲ್ಕೇ ಸಾಲುಗಳಿದ್ದವು. ಹುಡುಗಿ ಮನೆಗೆ ಬರುತ್ತಾಳೆ. ಇಷ್ಟು ತಡವೇಕೆಂದು ಅವ್ವ ಬೈಯುತ್ತಾಳೆ. ತಟ್ಟೆ ಹಾಕುತ್ತಾಳೆ. ಹೊರಗೆ ಗಾಳಿ ಬೀಸುತ್ತದೆ. ಯಾರೂ ಸತ್ತಿರಲಿಲ್ಲ. ಆ ಸಾಲುಗಳ ಕೆಳಗೆ, ಪುಟದ ನಡುವಿನಲ್ಲಿ, ಒಂದೇ ಪದ ಅಚ್ಚಾಗಿತ್ತು: ಮುಗಿಯಿತು.

ದೊಡ್ಡವರು ಹೆದರುವ ಜಾಗ ಅದೇ ಎಂದು, ಆ ಪದವನ್ನು ಅವರು ನನಗೆ ಮುಚ್ಚಿಟ್ಟಿದ್ದರು.

ನಾನು ಭಿತ್ತಿಪತ್ರದ ಬ್ರಷ್ಷನ್ನು ಅಂಟಿನಲ್ಲಿ ಅದ್ದಿ, ಅಕ್ಷರಕ್ಕೆ ತಾಗದಂತೆ ಅಂಚಿಗೆ ಮಾತ್ರ ತೆಳ್ಳಗೆ ಎಳೆದು, ಹಾಳೆಗಳನ್ನು ಮತ್ತೆ ಸೇರಿಸಿ ಒತ್ತಿದೆ. ಡಬರಿ ಇಳಿಸುತ್ತಿದ್ದ ಅಕ್ಕ ಕೈ ತಡೆದು ನಿಂತರು.

“ಏನಮ್ಮಾ ನೀನು! ಈಗಿನ್ನ ಬಿಡಿಸ್ದೆ, ಈಗ್ಲೇ ಅಂಟ್ಸ್ತೀಯಲ್ಲ?”

“ಇನ್ನೂ ಓದೋದಿದೆ ಅಕ್ಕಾ,” ಎಂದೆ. ಪುಸ್ತಕದ ಮೇಲೆ ಭಾರಕ್ಕೆಂದು ಆ ಜಾಮಿಟ್ರಿ ಬಾಕ್ಸನ್ನಿಟ್ಟು, ಡಬರಿ ಎತ್ತಿಕೊಂಡು ಬೀದಿಗೆ ಹೊರಟೆ.